ವೇಷ, ವೀರ ಮತ್ತು ವಲಸೆ: ದುಲ್ಸೆ ಪಿನ್ಸೋನ್ ಅವರ ಛಾಯಾಚಿತ್ರ ಮಾಲಿಕೆಯ ಜಾನಪದೀಯ ವಿವೇಚನೆ

1. ಪ್ರವೇಶ

ಜಾನಪದ ಅಧ್ಯಯನವು ಬಹುಕಾಲ ‘ಊರು’ ಎಂಬ ಕಲ್ಪನೆಯನ್ನು ನೆಮ್ಮಿ ಬೆಳೆದ ಶಿಸ್ತು. ಹಾಡು, ಕಥೆ, ಕುಣಿತ, ಆಚರಣೆಗಳನ್ನು ಅವು ಬೇರೂರಿದ ನೆಲದಲ್ಲಿಯೇ ಗುರುತಿಸುವುದು, ಆ ನೆಲದಲ್ಲಿ ಉಳಿದವರ ಬಾಯಿಂದಲೇ ಸಂಗ್ರಹಿಸುವುದು ನಮ್ಮ ಕ್ಷೇತ್ರಕಾರ್ಯದ ರೂಢಿ. ಊರು ಬಿಟ್ಟು ಹೋದವರು ಈ ರೂಢಿಯಲ್ಲಿ ಒಂದು ಕೊರತೆಯಾಗಿ ಮಾತ್ರ ಕಾಣಿಸಿಕೊಳ್ಳುತ್ತಾರೆ. ಅವರೊಂದಿಗೆ ಹಾಡೂ ಹೋಯಿತು, ವೇಷವೂ ಹೋಯಿತು ಎಂದು ನಾವು ವಿಷಾದದಿಂದ ಬರೆದುಕೊಳ್ಳುತ್ತೇವೆ. ಹೋದದ್ದು ಎಲ್ಲಿಗೆ, ಹೋದಲ್ಲಿ ಅದು ಯಾವ ರೂಪ ತಳೆಯಿತು ಎಂದು ಕೇಳಿದ್ದು ಕಡಿಮೆ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಲು ನೆರವಾಗುವ ಕೃತಿಯೊಂದನ್ನು ಇಲ್ಲಿ ವಿವೇಚನೆಗೆ ಎತ್ತಿಕೊಳ್ಳಲಾಗಿದೆ. ಮೆಕ್ಸಿಕೊ ಮೂಲದ ಛಾಯಾಗ್ರಾಹಕಿ ದುಲ್ಸೆ ಪಿನ್ಸೋನ್ ಅವರು ನ್ಯೂಯಾರ್ಕ್ ನಗರದ ವಲಸೆ ದುಡಿಮೆಗಾರರನ್ನು ಕುರಿತು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ‘ಸೂಪರ್‌ಹೀರೋಗಳ ನಿಜಕಥೆ’ ಎಂಬ ಇಪ್ಪತ್ತು ವರ್ಣಚಿತ್ರಗಳ ಮಾಲಿಕೆಯೇ ಆ ಕೃತಿ. 2012ರಲ್ಲಿ ಇದು ಪುಸ್ತಕರೂಪದಲ್ಲಿಯೂ ಬಂದಿತು. ಕಲಾವಿಮರ್ಶೆಯ ವಲಯದಲ್ಲಿ ಈ ಮಾಲಿಕೆಯನ್ನು ಹಾಸ್ಯ, ವ್ಯಂಗ್ಯ, ಜನಪ್ರಿಯ ಸಂಸ್ಕೃತಿಯ ಮರುಬಳಕೆ ಎಂಬ ಪರಿಭಾಷೆಗಳಲ್ಲಿ ಓದುವುದು ಸುಲಭ. ಆದರೆ ಜಾನಪದ ವಿದ್ಯಾರ್ಥಿಗೆ ಇದರಲ್ಲಿ ಹೆಚ್ಚು ಪರಿಚಿತವಾದ ವಸ್ತುಗಳಿವೆ: ವೇಷ, ಮುಖವಾಡ, ವೀರ, ಹರಕೆ, ಊರಿನ ಹೆಸರು. ಇವು ಅಮೆರಿಕದ ಮಹಾನಗರವೊಂದರ ಗಲ್ಲಿಗಳಲ್ಲಿ ಹೇಗೆ ಮರುಜೋಡಣೆಗೊಂಡಿವೆ, ಆ ಜೋಡಣೆಯಿಂದ ದುಡಿಯುವವರಿಗೆ ದಕ್ಕಿದ್ದೇನು, ದಕ್ಕದೆ ಉಳಿದದ್ದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಪಾರಿಭಾಷಿಕ ಸ್ಪಷ್ಟನೆ ಅಗತ್ಯ. ‘ಲ್ಯಾಟಿನೊ’ ಎಂಬುದು ಒಂದು ಜನಾಂಗದ ಹೆಸರಲ್ಲ, ಒಂದು ದೇಶದ ಹೆಸರೂ ಅಲ್ಲ. ಲ್ಯಾಟಿನ್ ಅಮೆರಿಕದ ನಾನಾ ದೇಶಗಳಿಂದ ಬಂದ, ನಾನಾ ಮೈಬಣ್ಣಗಳ, ಕೆಲವೊಮ್ಮೆ ಸ್ಪ್ಯಾನಿಷ್ ಕೂಡ ಮಾತೃಭಾಷೆಯಲ್ಲದ ಮೂಲನಿವಾಸಿ ಸಮುದಾಯಗಳನ್ನು ಒಳಗೊಂಡ ಸಮೂಹವನ್ನು ಅಮೆರಿಕದ ಸಂಯುಕ್ತ ಸಂಸ್ಥಾನವು ಒಂದೇ ಹೆಸರಿನಡಿ ಎಣಿಸುತ್ತದೆ. 1980ರ ಜನಗಣತಿಯಲ್ಲಿ ‘ಹಿಸ್ಪ್ಯಾನಿಕ್’ ಮೂಲವನ್ನು ಕುರಿತ ಪ್ರಶ್ನೆಯನ್ನು ಎಲ್ಲ ಮನೆಗಳಿಗೂ ಕೇಳಲಾಯಿತು. 2000ದ ಗಣತಿಯಲ್ಲಿ ‘ಲ್ಯಾಟಿನೊ’ ಪದವೂ ಸೇರಿತು. 2020ರ ಗಣತಿಯ ಪ್ರಕಾರ ಈ ಸಮೂಹದ ಸಂಖ್ಯೆ 6 ಕೋಟಿ 21 ಲಕ್ಷ. ಇಷ್ಟು ದೊಡ್ಡ ಸಂಖ್ಯೆಯು ಒಬ್ಬೊಬ್ಬ ವ್ಯಕ್ತಿಯನ್ನೂ ಮರೆಮಾಡುತ್ತದೆ. ಗಣತಿಯ ಹೆಸರಿನಿಂದ ವ್ಯಕ್ತಿಯ ಹೆಸರಿಗೆ, ‘ಲ್ಯಾಟಿನೊ’ ಎಂಬುದರಿಂದ ‘ಪ್ವೆಬ್ಲಾ ರಾಜ್ಯದವರು’, ‘ಗೆರೆರೊ ರಾಜ್ಯದವರು’ ಎಂಬುದಕ್ಕೆ ಮರಳುವುದು ಪಿನ್ಸೋನ್ ಅವರ ಮೊದಲ ಹೆಜ್ಜೆ.

2. ಕಲಾವಿದೆ ಮತ್ತು ಪರಂಪರೆ

ಪಿನ್ಸೋನ್ ಅವರು ಹುಟ್ಟಿದ್ದು 1974ರಲ್ಲಿ, ಮೆಕ್ಸಿಕೊ ನಗರದಲ್ಲಿ. ಪ್ವೆಬ್ಲಾದಲ್ಲಿ ಸಮೂಹ ಮಾಧ್ಯಮವನ್ನೂ ಬಳಿಕ ಅಮೆರಿಕದಲ್ಲಿ ಛಾಯಾಗ್ರಹಣವನ್ನೂ ಅಭ್ಯಾಸ ಮಾಡಿ, 1995ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದರು. ತಾವೇ ವಲಸೆಗಾರರಾಗಿದ್ದು ವಲಸೆಗಾರರನ್ನು ಚಿತ್ರಿಸಿದವರಲ್ಲಿ ಅವರು ಮೊದಲಿಗರಲ್ಲ. 1870ರಲ್ಲಿ ಡೆನ್ಮಾರ್ಕಿನಿಂದ ಬಂದ ಜೇಕಬ್ ರೀಸ್ ಅವರು 1890ರಲ್ಲಿ ಪ್ರಕಟಿಸಿದ ನ್ಯೂಯಾರ್ಕಿನ ಕೊಳೆಗೇರಿಗಳ ಸಚಿತ್ರ ವರದಿಯು ಈ ಪರಂಪರೆಯ ಆರಂಭಬಿಂದುಗಳಲ್ಲಿ ಒಂದು. ಅಮೆರಿಕದಲ್ಲಿಯೇ ಹುಟ್ಟಿದ ಲೂಯಿಸ್ ಹೈನ್ ಅವರು ಎಲ್ಲಿಸ್ ದ್ವೀಪದಲ್ಲಿ ಬಂದಿಳಿಯುತ್ತಿದ್ದವರನ್ನೂ ಮುಂದೆ 1930–31ರಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ನಿಂತು ದುಡಿದವರನ್ನೂ ಚಿತ್ರಿಸಿದರು.

ಈ ಪರಂಪರೆಯೊಳಗಿನ ಎರಡು ಧೋರಣೆಗಳನ್ನು ಗುರುತಿಸಬೇಕು. ರೀಸ್ ಅವರ ಚಿತ್ರಗಳಲ್ಲಿ ಬಡವರು ಕತ್ತಲೆಯ ಕೋಣೆಯಲ್ಲಿ ದಿಢೀರನೆ ಬಿದ್ದ ಬೆಳಕಿಗೆ ಬೆಚ್ಚಿ ನಿಂತವರು. ನೋಡುಗರ ಕನಿಕರವನ್ನು ಎಬ್ಬಿಸುವುದು ಅಲ್ಲಿನ ಗುರಿ. ಹೈನ್ ಅವರ ಉಕ್ಕಿನ ತೊಲೆಯ ಮೇಲಿನ ದುಡಿಮೆಗಾರ ಕನಿಕರವನ್ನು ಬೇಡುವವನಲ್ಲ, ಮೆಚ್ಚುಗೆಯನ್ನು ಪಡೆಯುವವನು. ಒಬ್ಬರದು ಸಂತ್ರಸ್ತನ ಚಿತ್ರ, ಇನ್ನೊಬ್ಬರದು ವೀರನ ಚಿತ್ರ. ಎರಡರಲ್ಲಿಯೂ ಚಿತ್ರಕ್ಕೆ ಒಳಗಾದವನ ಹೆಸರು ನಮಗೆ ತಿಳಿಯುವುದು ಅಪರೂಪ. ಆತನ ಊರು, ಸಂಬಳ ತಿಳಿಯುವುದು ಇನ್ನೂ ಅಪರೂಪ. ಪಿನ್ಸೋನ್ ಅವರು ಹೈನ್ ಅವರ ದಾರಿಯಲ್ಲಿ ನಡೆದು, ಅದರ ಕೊರತೆಯನ್ನು ತುಂಬಿದರು ಎನ್ನಬಹುದು.

ಮಾಲಿಕೆ ಹುಟ್ಟಿದ ಸಂದರ್ಭವೂ ಮುಖ್ಯ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ‘ಹೀರೋ’ ಎಂಬ ಪದವು ಅಮೆರಿಕದ ಸಾರ್ವಜನಿಕ ಭಾಷೆಯನ್ನು ಆವರಿಸಿಕೊಂಡಿತು. ಅಗ್ನಿಶಾಮಕ ದಳದವರು, ಪೊಲೀಸರು ಆ ಪದಕ್ಕೆ ಅರ್ಹರೇ ಆಗಿದ್ದರು. ಆದರೆ ಅದೇ ಗೋಪುರದ 106 ಮತ್ತು 107ನೆಯ ಮಹಡಿಗಳಲ್ಲಿದ್ದ ‘ವಿಂಡೋಸ್ ಆನ್ ದ ವರ್ಲ್ಡ್’ ಹೋಟೆಲಿನ 73 ಮಂದಿ ನೌಕರರು ಅಂದು ಸತ್ತರು. ಅವರಲ್ಲಿ ಅನೇಕರು ವಲಸೆಗಾರರು. ಸರಿಯಾದ ಕಾಗದಪತ್ರಗಳಿಲ್ಲದೆ ದುಡಿಯುತ್ತಿದ್ದವರ ಕುಟುಂಬಗಳಿಗೆ ತಮ್ಮವರು ಆ ಕಟ್ಟಡದಲ್ಲಿ ಇದ್ದರು ಎಂಬುದನ್ನು ರುಜುವಾತುಪಡಿಸುವುದೇ ಕಷ್ಟವಾಯಿತು. ನ್ಯೂಯಾರ್ಕಿನ ಮೆಕ್ಸಿಕನ್ನರ ‘ಅಸೋಸಿಯಾಸಿಯೋನ್ ತೆಪೆಯಾಕ್’ ಸಂಘಟನೆಯು ಅಂಥ ಕುಟುಂಬಗಳ ನೆರವಿಗೆ ನಿಂತಿತು. ಬದುಕಿದ್ದಾಗ ದಾಖಲೆಯಿಲ್ಲದವನು ಸತ್ತಾಗಲೂ ದಾಖಲಾಗುವುದಿಲ್ಲ ಎಂಬ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಪಿನ್ಸೋನ್ ಅವರ ಚಿತ್ರಗಳ ಅಡಿಬರಹಗಳನ್ನು ಓದಬೇಕು.

3. ಚಿತ್ರಗಳ ರಚನೆ

ಮಾಲಿಕೆಯ ವಿಧಾನ ಸರಳ. ದುಡಿಯುವ ವ್ಯಕ್ತಿ ತಾನು ದುಡಿಯುವ ಜಾಗದಲ್ಲಿಯೇ, ತನ್ನ ಕೆಲಸದ ಭಂಗಿಯಲ್ಲಿಯೇ ಇರುತ್ತಾನೆ. ಬದಲಾಗುವುದು ಉಡುಪು ಮಾತ್ರ. ಆತ ತೊಟ್ಟಿರುವುದು ಕಾಮಿಕ್ ಪುಸ್ತಕಗಳ ಅತಿಮಾನವ ವೀರರ ವೇಷ. ಗಗನಚುಂಬಿ ಕಟ್ಟಡದ ಕಿಟಕಿಯ ಗಾಜು ಒರೆಸುವವನು ಸ್ಪೈಡರ್‌ಮ್ಯಾನ್. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಸೈಕಲ್ ತುಳಿದು ಊಟದ ಪೊಟ್ಟಣಗಳನ್ನು ಮನೆಮನೆಗೆ ತಲುಪಿಸುವವನು ಸೂಪರ್‌ಮ್ಯಾನ್. ತರಕಾರಿ ಅಂಗಡಿಗೆ ಬಂದ ಸರಕನ್ನು ಇಳಿಸುವವನು ಹಲ್ಕ್. ಲಾಂಡ್ರಿಯಲ್ಲಿ ದುಡಿಯುವವಳು ವಂಡರ್ ವುಮನ್. ಅನ್ಯರ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕ್ಯಾಟ್‌ವುಮನ್.

ವೇಷ ಮತ್ತು ವೃತ್ತಿಗಳ ನಡುವಿನ ಸಂಬಂಧ ಇಲ್ಲಿ ಆಕಸ್ಮಿಕವಲ್ಲ. ಎತ್ತರದ ಗೋಡೆಗೆ ಅಂಟಿಕೊಳ್ಳುವುದು ಸ್ಪೈಡರ್‌ಮ್ಯಾನನ ಪವಾಡವಾದರೆ ಗಾಜು ಒರೆಸುವವನಿಗೆ ಅದು ದಿನದ ಕೆಲಸ. ಭಾರ ಎತ್ತುವುದು ಹಲ್ಕನ ವಿಶೇಷ. ಸರಕು ಇಳಿಸುವವನ ಬೆನ್ನಿಗೆ ಅದು ರೂಢಿ. ಪವಾಡವೆಂದು ಕಥೆಯಲ್ಲಿ ಹೇಳುವುದನ್ನು ಬದುಕಿನಲ್ಲಿ ಕೂಲಿಯೆಂದು ಕರೆಯಲಾಗುತ್ತದೆ ಎಂಬ ಮಾತನ್ನು ಚಿತ್ರಗಳು ಯಾವ ಘೋಷಣೆಯೂ ಇಲ್ಲದೆ ಹೇಳುತ್ತವೆ. ಮಾಲಿಕೆಯ ಹೆಸರಿನಲ್ಲಿರುವ ‘ನಿಜಕಥೆ’ ಎಂಬ ಪದವೂ ಗಮನಾರ್ಹ. ನಂಬಿಕೆಯ ಹಂಗಿಲ್ಲದ ಕಥೆಗೂ ನಿಜವೆಂದು ನಂಬಿ ಹೇಳುವ ಐತಿಹ್ಯಕ್ಕೂ ಇರುವ ವ್ಯತ್ಯಾಸ ಜಾನಪದ ಅಧ್ಯಯನದಲ್ಲಿ ಸುಪರಿಚಿತ. ಕಾಮಿಕ್ ಪುಸ್ತಕದ ಕಥೆಯನ್ನು ಪಿನ್ಸೋನ್ ಅವರು ಐತಿಹ್ಯದ ಕಡೆಗೆ ಎಳೆಯುತ್ತಾರೆ: ವ್ಯಕ್ತಿ ಇದ್ದಾನೆ, ಊರು ಇದೆ, ಸಾಕ್ಷಿ ಇದೆ.

ಈ ವೀರರ ಮೂಲವನ್ನು ಕೆದಕಿದರೆ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. 1938ರಲ್ಲಿ ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ಯಹೂದಿ ವಲಸೆಗಾರರ ಮಕ್ಕಳು. ಅವರ ನಾಯಕನು ನಾಶವಾದ ಗ್ರಹವೊಂದರಿಂದ ಶಿಶುವಾಗಿ ಬಂದಿಳಿದವನು. ತನ್ನ ನಿಜವಾದ ಗುರುತನ್ನು ಮುಚ್ಚಿಟ್ಟು ಇನ್ನೊಂದು ಹೆಸರಿನಲ್ಲಿ ಕಚೇರಿಗೆ ಹೋಗುವವನು. ಯಾವ ಗಡಿ ಠಾಣೆಯಲ್ಲಿಯೂ ಆತನ ಆಗಮನ ದಾಖಲಾಗಿಲ್ಲ. ವಲಸೆಗಾರರ ಮಕ್ಕಳು ಕಟ್ಟಿದ ವಲಸೆಗಾರನ ಕಥೆ ಕ್ರಮೇಣ ಅಮೆರಿಕದ ರಾಷ್ಟ್ರೀಯ ಪುರಾಣವಾಯಿತು. ಅದರ ಮೂಲದ ನೆನಪು ಮಸುಕಾಯಿತು. ಪಿನ್ಸೋನ್ ಅವರ ಚಿತ್ರದಲ್ಲಿ ಆ ವೇಷ ಮತ್ತೆ ವಲಸೆಗಾರನ ಮೈಗೆ ಮರಳಿದೆ. ಆದುದರಿಂದ ಇದನ್ನು ಕೇವಲ ಎರವಲು ಎನ್ನುವುದಕ್ಕಿಂತ ಮರಳಿ ಪಡೆದುಕೊಳ್ಳುವಿಕೆ ಎನ್ನುವುದು ಹೆಚ್ಚು ಸೂಕ್ತ.

4. ಅಡಿಬರಹ ಮತ್ತು ಹರಕೆಯ ಚಿತ್ರಗಳು

ಪ್ರತಿ ಚಿತ್ರದ ಕೆಳಗೂ ಒಂದೆರಡು ವಾಕ್ಯಗಳ ಅಡಿಬರಹವಿದೆ. ವ್ಯಕ್ತಿಯ ಹೆಸರು, ಮೆಕ್ಸಿಕೊದ ಯಾವ ರಾಜ್ಯದವರು, ನ್ಯೂಯಾರ್ಕಿನಲ್ಲಿ ಮಾಡುವ ಕೆಲಸ, ಊರಿಗೆ ಕಳುಹಿಸುವ ಹಣ ಎಂಬ ನಾಲ್ಕೇ ಸಂಗತಿಗಳು. ಗೆರೆರೊದ ಸ್ಪೈಡರ್‌ಮ್ಯಾನ್ ತಿಂಗಳಿಗೆ 500 ಡಾಲರ್ ಕಳುಹಿಸುತ್ತಾನೆ. ಪ್ವೆಬ್ಲಾದ ಸೂಪರ್‌ಮ್ಯಾನ್ ಕಳುಹಿಸುವುದು ವಾರಕ್ಕೆ 500. ಪ್ವೆಬ್ಲಾದವಳೇ ಆದ ಕ್ಯಾಟ್‌ವುಮನ್ ವಾರಕ್ಕೆ 400, ಲಾಂಡ್ರಿಯ ವಂಡರ್ ವುಮನ್ ವಾರಕ್ಕೆ 150, ಗೆರೆರೊದ ಹಲ್ಕ್ ವಾರಕ್ಕೆ 300. ಒಂದು ಕಡೆ ವಾರದ ಲೆಕ್ಕ, ಇನ್ನೊಂದು ಕಡೆ ತಿಂಗಳ ಲೆಕ್ಕ. ಸಂಖ್ಯಾಶಾಸ್ತ್ರಜ್ಞನಾಗಿದ್ದರೆ ಇವನ್ನು ಒಂದೇ ಅಳತೆಗೆ ತರುತ್ತಿದ್ದ. ಇಲ್ಲಿ ದುಡಿಯುವವರು ಹೇಳುವ ರೀತಿಯಲ್ಲಿಯೇ ಲೆಕ್ಕ ಉಳಿದಿದೆ.

ಅಡಿಬರಹಗಳಲ್ಲಿರುವ ವ್ಯಕ್ತಿನಾಮಗಳನ್ನು ಈ ಲೇಖನದಲ್ಲಿ ಉದ್ದೇಶಪೂರ್ವಕವಾಗಿ ಕೈಬಿಡಲಾಗಿದೆ. ಅವರು ತಮ್ಮ ಹೆಸರನ್ನು ಒಪ್ಪಿಸಿದ್ದು ತಮ್ಮೊಡನೆ ನಿಂತ ಕಲಾವಿದೆಗೆ, ವರ್ಷಗಳ ನಂತರ ದೂರದ ದೇಶದಲ್ಲಿ ಬರೆಯುವ ಸಂಶೋಧಕನಿಗಲ್ಲ. ಹೆಸರನ್ನು ಹೇಳುವ ಅಡಿಬರಹಗಳು ಆ ವ್ಯಕ್ತಿಯ ಬಳಿ ವಾಸದ ಪರವಾನಗಿ ಇದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ ಎಂಬುದೂ ಗಮನಾರ್ಹ. ಸರ್ಕಾರ ಕೇಳುವ ಮೊದಲ ಪ್ರಶ್ನೆಯನ್ನು ಪಿನ್ಸೋನ್ ಅವರು ಕೇಳಿಲ್ಲ. ಮನೆಯವರು ಕೇಳುವ ಪ್ರಶ್ನೆಗಳನ್ನು ಮಾತ್ರ ಕೇಳಿದ್ದಾರೆ: ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ, ಎಷ್ಟು ಕಳುಹಿಸುತ್ತೀಯ?

ಚಿತ್ರ ಮತ್ತು ಬರಹಗಳ ಈ ಜೋಡಣೆಗೆ ಮೆಕ್ಸಿಕೊದ ಜನಪದ ಕಲೆಯಲ್ಲಿಯೇ ನಿಕಟವಾದ ಪೂರ್ವರೂಪವಿದೆ. ಸಂಕಟದಿಂದ ಪಾರಾದವರು ದೇವಾಲಯಕ್ಕೆ ಒಪ್ಪಿಸುವ ಹರಕೆಯ ಚಿತ್ರಗಳಿವು. ತಗಡಿನ ಸಣ್ಣ ಹಾಳೆಯ ಮೇಲೆ ಬಣ್ಣದಲ್ಲಿ ಬರೆಯಿಸುವ ಇವನ್ನು ‘ರೆತಾಬ್ಲೊ’ ಎನ್ನುತ್ತಾರೆ. ಮೇಲ್ಭಾಗದಲ್ಲಿ ಮೇರಿಯಮ್ಮನ ಅಥವಾ ಸಂತರ ಮೂರ್ತಿ, ನಡುವೆ ಒದಗಿದ ಆಪತ್ತಿನ ದೃಶ್ಯ, ಕೆಳಗೆ ಹೆಸರು, ಊರು, ದಿನಾಂಕಗಳೊಂದಿಗೆ ಕೃತಜ್ಞತೆಯ ಬರಹ ಎಂಬುದು ಅವುಗಳ ಸಾಮಾನ್ಯ ವಿನ್ಯಾಸ. ಹೋರ್ಹೆ ದುರಾನ್ ಮತ್ತು ಡಗ್ಲಸ್ ಮ್ಯಾಸಿ ಎಂಬ ಸಮಾಜವಿಜ್ಞಾನಿಗಳು ಅಮೆರಿಕಕ್ಕೆ ವಲಸೆ ಹೋದವರು ಒಪ್ಪಿಸಿದ ಇಂಥ ಚಿತ್ರಗಳನ್ನು ಅಧ್ಯಯನ ಮಾಡಿ 1995ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ್ದಾರೆ. ಗಡಿ ದಾಟುವಾಗಿನ ಅಪಾಯ, ಕೆಲಸದ ಜಾಗದ ಅಪಘಾತ, ಪರದೇಶದ ಆಸ್ಪತ್ರೆ, ಕಾಗದಪತ್ರ ದೊರೆತ ಸಂತೋಷ ಇವೆಲ್ಲವೂ ಆ ತಗಡುಗಳ ಮೇಲೆ ದಾಖಲಾಗಿವೆ. ಅಧಿಕೃತ ಕಡತಗಳಲ್ಲಿಲ್ಲದ ವಲಸೆಯ ಚರಿತ್ರೆಯೊಂದು ದೇವಾಲಯದ ಗೋಡೆಯ ಮೇಲಿತ್ತು.

ರೆತಾಬ್ಲೊದ ಬೆಳಕಿನಲ್ಲಿ ನೋಡಿದಾಗ ಪಿನ್ಸೋನ್ ಅವರ ಚಿತ್ರದ ಹೊಸತನ ಸ್ಪಷ್ಟವಾಗುತ್ತದೆ. ಅಲ್ಲಿ ಕಾಯುವವರು ಮತ್ತು ಕಾಯಲ್ಪಟ್ಟವರು ಬೇರೆಬೇರೆ. ಒಬ್ಬರು ಮೋಡದ ಮೇಲಿರುತ್ತಾರೆ, ಇನ್ನೊಬ್ಬರು ನೆಲದ ಮೇಲೆ. ಇಲ್ಲಿ ಮೇಲಿನ ಮೂರ್ತಿಯ ಜಾಗ ಖಾಲಿಯಾಗಿದೆ. ಕಾಯುವ ಶಕ್ತಿಯ ಉಡುಪು ಆಪತ್ತಿನಲ್ಲಿರುವವನ ಮೈಮೇಲೆಯೇ ಇಳಿದಿದೆ. ಕೆಳಗಿನ ಬರಹ ಹಾಗೆಯೇ ಉಳಿದಿದೆ. ಆದರೆ ಪವಾಡವನ್ನು ಹೇಳಬೇಕಾದ ಕಡೆ ಡಾಲರಿನ ಮೊತ್ತ ಬಂದಿದೆ. ಕೃತಜ್ಞತೆ ಹೇಳಬೇಕಾದ ಕುಟುಂಬ ಚೌಕಟ್ಟಿನ ಹೊರಗೆ, ಸಾವಿರಾರು ಮೈಲಿ ದೂರದಲ್ಲಿದೆ. ಈ ಸಾದೃಶ್ಯವನ್ನು ಕಲಾವಿದೆ ಬುದ್ಧಿಪೂರ್ವಕವಾಗಿ ತಂದರೇ ಎಂಬುದು ಮುಖ್ಯವಲ್ಲ. ಒಂದು ಸಂಸ್ಕೃತಿಯೊಳಗೆ ಬೆಳೆದವರ ಕೈಯಲ್ಲಿ ಅದರ ರಚನಾಕ್ರಮಗಳು ತಾವಾಗಿಯೇ ಕೆಲಸ ಮಾಡುತ್ತವೆ.

ಕನ್ನಡದ ಓದುಗರಿಗೆ ಇಲ್ಲಿ ವೀರಗಲ್ಲುಗಳು ನೆನಪಾಗುವುದು ಸಹಜ. ಅಲ್ಲಿಯೂ ಶಿಲ್ಪ ಮತ್ತು ಬರಹಗಳ ಜೋಡಣೆಯಿದೆ. ಹೆಸರು, ಊರು, ಮಾಡಿದ ಕಾರ್ಯಗಳ ಉಲ್ಲೇಖವಿದೆ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ವೀರಗಲ್ಲು ಮಡಿದವನಿಗೆ ನಿಲ್ಲಿಸಿದ್ದು. ಅದು ಒಂದು ಮುಗಿದ ಕಾರ್ಯದ ಸ್ಮಾರಕ. ಪಿನ್ಸೋನ್ ಅವರ ವೀರನು ಬದುಕಿದ್ದಾನೆ. ಚಿತ್ರ ತೆಗೆದ ಮಾರನೆಯ ದಿನವೂ ಆತ ಅದೇ ಸೈಕಲ್ ತುಳಿಯಬೇಕು.

5. ವೇಷ ಮತ್ತು ಮುಖವಾಡ

ಮೆಕ್ಸಿಕೊದ ಜನಜೀವನದಲ್ಲಿ ಮುಖವಾಡಕ್ಕೆ ದೀರ್ಘವಾದ ಇತಿಹಾಸವಿದೆ. ಪ್ವೆಬ್ಲಾ, ಗೆರೆರೊ, ಮೊರೆಲೋಸ್ ರಾಜ್ಯಗಳ ಹಳ್ಳಿಗಳಲ್ಲಿ ಹಬ್ಬದ ದಿನ ಕುಣಿಯುವ ‘ತೆಕುವಾನೆಸ್’ ಎಂಬ ಕುಣಿತದಲ್ಲಿ ಜಾಗ್ವಾರ್ ಮುಖವಾಡ ತೊಟ್ಟವನನ್ನು ಬೇಟೆಯಾಡುವ ಪ್ರಸಂಗ ಬರುತ್ತದೆ. ಅಲ್ಲಿನ ಅನೇಕ ಕುಣಿತಗಳಲ್ಲಿ ವೇಷ ಹಾಕುವುದು ‘ಮಾಂದಾ’, ಅಂದರೆ ಹರಕೆಯ ಭಾಗವಾಗಿ. ಕರಾವಳಿಯ ಹರಕೆಯ ಹುಲಿವೇಷವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಕ್ತಾವಿಯೊ ಪಾಸ್ ಅವರು 1950ರಲ್ಲಿ ಪ್ರಕಟಿಸಿದ ‘ಏಕಾಂತದ ಚಕ್ರವ್ಯೂಹ’ ಎಂಬ ಪ್ರಬಂಧಗ್ರಂಥದಲ್ಲಿ ಮೆಕ್ಸಿಕನ್ ಮುಖವಾಡಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ತನ್ನನ್ನು ಲೋಕದಿಂದ ಮುಚ್ಚಿಟ್ಟುಕೊಳ್ಳುವ ಮನೋಧರ್ಮವಾಗಿ ಅದನ್ನು ವಿವರಿಸಿದರು.

ಪಾಸ್ ಅವರ ವಿವರಣೆ ಪ್ರಭಾವಶಾಲಿಯಾದರೂ ಜಾನಪದದ ಅನುಭವಕ್ಕೆ ಪೂರ್ಣವಾಗಿ ಹೊಂದುವುದಿಲ್ಲ. ಜನಪದರ ಮುಖವಾಡ ಮುಚ್ಚುವುದಕ್ಕಿಂತ ಹೆಚ್ಚಾಗಿ ಅಧಿಕಾರವನ್ನು ಪಡೆಯುವ ಸಾಧನ. ಇಪ್ಪತ್ತನೆಯ ಶತಮಾನದ ಮೆಕ್ಸಿಕೊ ನಗರದಲ್ಲಿ ಇದಕ್ಕೆ ಎರಡು ಉಜ್ವಲ ನಿದರ್ಶನಗಳಿವೆ. ಮುಖವಾಡ ತೊಟ್ಟು ಕಾದುವ ‘ಲೂಚಾ ಲೀಬ್ರೆ’ ಕುಸ್ತಿಯ ಪ್ರಸಿದ್ಧ ಪಟು ‘ಎಲ್ ಸಾಂತೊ’ ಅಖಾಡದಿಂದ ಸಿನಿಮಾಕ್ಕೂ ಕಾಮಿಕ್ಕಿಗೂ ಹಬ್ಬಿ, 1984ರಲ್ಲಿ ತೀರಿಕೊಂಡಾಗ ತನ್ನ ಬೆಳ್ಳಿಬಣ್ಣದ ಮುಖವಾಡದೊಂದಿಗೇ ಸಮಾಧಿಯಾದನು. 1985ರ ಭೂಕಂಪದಲ್ಲಿ ಮನೆ ಕಳೆದುಕೊಂಡವರ, ಬಾಡಿಗೆದಾರರ ಹೋರಾಟದ ನಡುವಿನಿಂದ 1987ರಲ್ಲಿ ‘ಸೂಪರ್‌ಬಾರಿಯೊ’ ಎದ್ದುಬಂದನು. ಕುಸ್ತಿಪಟುವಿನ ಮುಖವಾಡ ತೊಟ್ಟು ಮನೆ ಖಾಲಿ ಮಾಡಿಸಲು ಬಂದವರನ್ನು ಎದುರಿಸಿದ, ಸರ್ಕಾರಿ ಕಚೇರಿಗಳಲ್ಲಿ ಮಾತುಕತೆಗೆ ಕುಳಿತ ವೇಷಧಾರಿಯೀತ. ಮುಖವಾಡದ ಹಿಂದೆ ಯಾರಿದ್ದಾರೆ ಎಂಬುದು ಮುಖ್ಯವಾಗಿರಲಿಲ್ಲ. ಯಾರ ಪರವಾಗಿ ಇದ್ದಾರೆ ಎಂಬುದೇ ಮುಖ್ಯವಾಗಿತ್ತು.

ಈ ಹಿನ್ನೆಲೆಯಲ್ಲಿ ಪಿನ್ಸೋನ್ ಅವರ ವೇಷಗಳು ಕೇವಲ ಅಮೆರಿಕದ ಸರಕುಗಳಾಗಿ ಉಳಿಯುವುದಿಲ್ಲ. ಮಾಲಿಕೆಯಲ್ಲಿ ಮೆಕ್ಸಿಕೊದ್ದೇ ಆದ ‘ಎಲ್ ಚಾಪುಲಿನ್ ಕೊಲೊರಾದೊ’ ಕೂಡ ಇದ್ದಾನೆ. ರೊಬೆರ್ತೊ ಗೋಮೆಸ್ ಬೊಲಾನ್ಯೋಸ್ ಅವರು 1970ರ ದಶಕದಲ್ಲಿ ಕಿರುತೆರೆಯಲ್ಲಿ ಸೃಷ್ಟಿಸಿದ ಈ ಕೆಂಪು ಮಿಡತೆ ವೇಷದ ನಾಯಕ ಬಲಶಾಲಿಯಲ್ಲ, ಚುರುಕಿನವನೂ ಅಲ್ಲ. ಎಡವುತ್ತ ಮುಗ್ಗರಿಸುತ್ತ ಹೇಗೋ ನೆರವಾಗುವವನು. ಪಿನ್ಸೋನ್ ಅವರು ಈ ವೇಷವನ್ನು ಕೊಟ್ಟಿರುವುದು ಕಾರ್ಮಿಕ ಸಂಘದ ಸಂಘಟಕನಿಗೆ. ಉಳಿದ ಚಿತ್ರಗಳಲ್ಲಿ ಒಬ್ಬೊಬ್ಬರೇ ಹೊರುವ ಭಾರವನ್ನು ಒಟ್ಟಾಗಿ ಇಳಿಸಲು ಯತ್ನಿಸುವವನು ಇಲ್ಲಿ ಮಾತ್ರ ಕಾಣುತ್ತಾನೆ. ಆತ ಅಜೇಯನಲ್ಲ, ಎಡವುವವನು ಎಂಬ ಆಯ್ಕೆಯಲ್ಲಿ ಸಂಘಟನೆಯ ಕಷ್ಟವನ್ನು ಬಲ್ಲ ಮನಸ್ಸಿದೆ.

ಸ್ತ್ರೀಯರ ಚಿತ್ರಗಳನ್ನೂ ಪ್ರತ್ಯೇಕವಾಗಿ ಗಮನಿಸಬೇಕು. ಅಮೆರಿಕ–ಮೆಕ್ಸಿಕೊ ಗಡಿಯ ವೀರಗೀತೆಗಳಾದ ‘ಕೊರಿದೊ’ಗಳನ್ನು ಕುರಿತು 1958ರಲ್ಲಿ ಅಮೇರಿಕೊ ಪಾರೆದೆಸ್ ಅವರು ಪ್ರಕಟಿಸಿದ ಅಧ್ಯಯನ ಜಾನಪದ ಶಿಸ್ತಿನ ಹೆಗ್ಗುರುತುಗಳಲ್ಲೊಂದು. ಅಲ್ಲಿನ ನಾಯಕ, 1901ರಲ್ಲಿ ಟೆಕ್ಸಾಸಿನ ಕಾನೂನು ಪಾಲಕರನ್ನು ಎದುರಿಸಿ ಓಡಿದ ಗ್ರೆಗೋರಿಯೊ ಕೊರ್ತೆಸ್. ಕೈಯಲ್ಲಿ ಪಿಸ್ತೂಲು ಹಿಡಿದ ಒಂಟಿ ಗಂಡಸು. ಕೊರಿದೊ ಪರಂಪರೆ ದಶಕಗಳ ಕಾಲ ಈ ಬಗೆಯ ವೀರನನ್ನೇ ಮುಂದೆ ನಿಲ್ಲಿಸಿತು. ಲಾಂಡ್ರಿಯವಳನ್ನೂ ಆಯಾಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವ ಪಿನ್ಸೋನ್ ಅವರ ಮಾಲಿಕೆ ಆ ಪರಂಪರೆಯ ಮೌನವೊಂದನ್ನು ಮುರಿಯುತ್ತದೆ. ಈ ದಿಸೆಯಲ್ಲಿ ಅವರಿಗೆ ಹಿರಿಯ ಜೊತೆಗಾರ್ತಿಯೆಂದರೆ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿದ ಚಿಕಾನಾ ಕಲಾವಿದೆ ಯೊಲಾಂದಾ ಲೋಪೆಸ್ (1942–2021). ಅವರು 1978ರ ಚಿತ್ರಸರಣಿಯಲ್ಲಿ ಗ್ವಾದಲೂಪೆ ಮಾತೆಯ ಪ್ರಭಾವಳಿಯನ್ನು ಹೊಲಿಗೆ ಯಂತ್ರದ ಮುಂದೆ ಕುಳಿತ ತಮ್ಮ ತಾಯಿಗೂ ಅಜ್ಜಿಗೂ ತಮಗೂ ಧರಿಸಿದರು. ಲೋಪೆಸ್ ಅವರು ದೇವತೆಯ ಲಾಂಛನವನ್ನು ದುಡಿಯುವವಳ ಮೇಲಿಟ್ಟರು. ಪಿನ್ಸೋನ್ ಅವರು ಮಾರುಕಟ್ಟೆಯ ಲಾಂಛನವನ್ನಿಟ್ಟರು. ಎರಡು ತಲೆಮಾರುಗಳ ನಡುವೆ ಪವಿತ್ರದ ನೆಲೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದಕ್ಕೆ ಇದೊಂದು ಸೂಚನೆ.

6. ‘ವೀರ’ ಎಂಬ ಪದದ ರಾಜಕಾರಣ

ಇಷ್ಟರವರೆಗೆ ಮಾಲಿಕೆಯ ಸಾಮರ್ಥ್ಯವನ್ನು ಹೇಳಲಾಯಿತು. ಅದರ ತೊಡಕನ್ನೂ ಹೇಳದಿದ್ದರೆ ವಿಮರ್ಶೆ ಪ್ರಶಸ್ತಿಪತ್ರವಾಗಿಬಿಡುತ್ತದೆ.

ಮೊದಲನೆಯದಾಗಿ, ವಲಸೆಗಾರರನ್ನು ವೀರರೆಂದು ಕರೆದವರಲ್ಲಿ ಪಿನ್ಸೋನ್ ಅವರು ಒಂಟಿಯಲ್ಲ. 2000ದಿಂದ 2006ರವರೆಗೆ ಮೆಕ್ಸಿಕೊದ ಅಧ್ಯಕ್ಷರಾಗಿದ್ದ ವಿಸೆಂತೆ ಫಾಕ್ಸ್ ಅವರು ಇದೇ ಪದವನ್ನು ಮತ್ತೆಮತ್ತೆ ಬಳಸಿದರು. ವಲಸೆಗಾರರು ಮೆಕ್ಸಿಕೊಗೆ ಕಳುಹಿಸಿದ ಹಣ 2007ರಲ್ಲಿ ಸುಮಾರು 2,600 ಕೋಟಿ ಡಾಲರ್. 2023ರಲ್ಲಿ ಅದು 6,300 ಕೋಟಿಯ ಆಸುಪಾಸಿಗೆ ಏರಿತು. ಊರಿನಲ್ಲಿ ಉದ್ಯೋಗ ಕೊಡಲಾಗದ ಪ್ರಭುತ್ವವು ಹೊರಗೆ ಹೋಗಿ ದುಡಿದವನನ್ನು ವೀರನೆಂದು ಹೊಗಳುವುದರಲ್ಲಿ ತನ್ನ ಹೊಣೆಯನ್ನು ಆತನ ಹೆಗಲಿಗೆ ದಾಟಿಸುವ ಜಾಣತನವಿದೆ. ಅಡಿಬರಹದಲ್ಲಿ ಡಾಲರಿನ ಮೊತ್ತವನ್ನೇ ವೀರತ್ವದ ಅಳತೆಗೋಲಾಗಿಸಿದಾಗ ಕಲಾವಿದೆಯ ಮಾತು, ಆಕೆ ಬಯಸದಿದ್ದರೂ, ಅಧ್ಯಕ್ಷರ ಮಾತಿನ ಹತ್ತಿರಕ್ಕೆ ಸರಿಯುತ್ತದೆ. ವಾರಕ್ಕೆ 500 ಕಳುಹಿಸುವವನಿಗಿಂತ 150 ಕಳುಹಿಸುವವಳು ಕಡಿಮೆ ವೀರಳೇ? ಕಾಯಿಲೆಯಿಂದಲೋ ಕೆಲಸ ಹೋದುದರಿಂದಲೋ ಏನನ್ನೂ ಕಳುಹಿಸಲಾಗದವನಿಗೆ ಯಾವ ವೇಷ? ಮಾಲಿಕೆ ಈ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಎರಡನೆಯದಾಗಿ, ವೀರನಿಗೆ ಸಂಬಳ ಬೇಕಿಲ್ಲ ಎಂಬ ಭಾವನೆ ಎಲ್ಲ ವೀರಕಥೆಗಳಲ್ಲಿಯೂ ಅಡಗಿದೆ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಇದು ಎದ್ದುಕಂಡಿತು. 2020ರಲ್ಲಿ ನ್ಯೂಯಾರ್ಕ್ ನಗರದ ಬಾಗಿಲುಗಳು ಮುಚ್ಚಿದಾಗ ಸೈಕಲ್ಲಿನ ಮೇಲೆ ಊಟ ತಲುಪಿಸುವವರನ್ನು ‘ಅತ್ಯಗತ್ಯ ಕೆಲಸಗಾರರು’ ಎಂದು ಹೆಸರಿಸಲಾಯಿತು. ಪಿನ್ಸೋನ್ ಅವರ ಸೂಪರ್‌ಮ್ಯಾನ್ ಭವಿಷ್ಯವನ್ನು ಮೊದಲೇ ಕಂಡಿದ್ದನೋ ಎಂಬಂತಿತ್ತು ಆ ದಿನಗಳ ಹೊಗಳಿಕೆ. ಆದರೆ ಅದೇ ವರ್ಷದ ಕೇಂದ್ರ ಪರಿಹಾರಧನದಿಂದ ದಾಖಲೆಯಿಲ್ಲದವರನ್ನು ಹೊರಗಿಡಲಾಯಿತು. ಹೊರಗುಳಿದವರಿಗಾಗಿ ನ್ಯೂಯಾರ್ಕ್ ರಾಜ್ಯವು 210 ಕೋಟಿ ಡಾಲರಿನ ನಿಧಿಯನ್ನು ಸ್ಥಾಪಿಸಿದ್ದು 2021ರಲ್ಲಿ, ಅದೂ ಹೋರಾಟದ ಬಳಿಕ. 2020ರಲ್ಲಿ ರೂಪುಗೊಂಡ ‘ಲೋಸ್ ಡೆಲಿವರಿಸ್ತಾಸ್ ಉನಿದೋಸ್’ ಎಂಬ ಸೈಕಲ್ ಸವಾರರ ಸಂಘಟನೆಯೂ ಹೋರಾಡಿತು; ಆ್ಯಪ್ ಕಂಪನಿಗಳಿಗಾಗಿ ಊಟ ತಲುಪಿಸುವವರಿಗೆ ನಗರದಲ್ಲಿ ಕನಿಷ್ಠ ವೇತನ ಜಾರಿಗೆ ಬಂದದ್ದು 2023ರಲ್ಲಿ. ಹೊಗಳಿಕೆ ಒಂದು ದಿನದಲ್ಲಿ ಬಂತು, ಕೂಲಿ ಮೂರು ವರ್ಷದ ಮೇಲೆ ಬಂತು.

ಹಾಗಾದರೆ ಮಾಲಿಕೆ ಸೋತಿದೆಯೇ? ಹಾಗೆನ್ನಲಾಗದು. ಚಿತ್ರಗಳನ್ನು ಮತ್ತೊಮ್ಮೆ ನೋಡಿದರೆ ಅವುಗಳಲ್ಲಿ ವಿಜಯದ ಸಂಭ್ರಮ ಹೆಚ್ಚಿಲ್ಲ ಎಂಬುದು ತಿಳಿಯುತ್ತದೆ. ಮೇಲಂಗಿ ಹಾರಿದರೂ ಸೈಕಲ್ ಸೈಕಲ್ಲೇ. ವೇಷ ತೊಟ್ಟರೂ ಬಟ್ಟೆಯ ರಾಶಿ ಕರಗುವುದಿಲ್ಲ. ವೇಷ ಮತ್ತು ದುಡಿಮೆಗಳ ನಡುವೆ ಬಿರುಕೊಂದು ಉಳಿದೇ ಇರುತ್ತದೆ. ಮೊದಲು ನಗು ಬರುತ್ತದೆ. ಅಡಿಬರಹ ಓದಿದ ಮೇಲೆ ಆ ನಗು ನಿಲ್ಲುತ್ತದೆ. ಹೊಗಳಿಕೆಯ ಭಾಷಣದಲ್ಲಿಲ್ಲದ ಈ ನಿಲುಗಡೆಯೇ ಪಿನ್ಸೋನ್ ಅವರ ಕೃತಿಯನ್ನು ಪ್ರಭುತ್ವದ ಮಾತಿನಿಂದ ಬೇರ್ಪಡಿಸುತ್ತದೆ. ವಲಸೆ ವಿರೋಧಿ ಮಸೂದೆಯೊಂದರ ವಿರುದ್ಧ 2006ರ ಮೇ 1ರಂದು ಅಮೆರಿಕದ ನಗರಗಳಲ್ಲಿ ಲಕ್ಷಾಂತರ ವಲಸೆಗಾರರು ಕೆಲಸ ಬಿಟ್ಟು ಬೀದಿಗಿಳಿದರು. ಒಂದು ದಿನ ತಾವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸುವುದು ಅವರ ಗುರಿಯಾಗಿತ್ತು. ಪಿನ್ಸೋನ್ ಅವರದು ಅದರ ಇನ್ನೊಂದು ಮುಖ: ದಿನವೂ ಇದ್ದರೂ ಕಾಣದವರನ್ನು ಕಾಣಿಸುವುದು.

7. ಸಮಾರೋಪ

2002ರಲ್ಲಿ ‘ಅಸೋಸಿಯಾಸಿಯೋನ್ ತೆಪೆಯಾಕ್’ ಸಂಘಟನೆಯು ಒಂದು ಪಂಜಿನ ಓಟವನ್ನು ಆರಂಭಿಸಿತು. ಮೆಕ್ಸಿಕೊ ನಗರದ ಗ್ವಾದಲೂಪೆ ಮಾತೆಯ ದೇವಾಲಯದಲ್ಲಿ ಹೊತ್ತಿಸಿದ ಪಂಜು ಕೈಯಿಂದ ಕೈಗೆ ದಾಟುತ್ತ, ಗಡಿಯನ್ನೂ ದಾಟಿ, ಡಿಸೆಂಬರ್ 12ರ ಹಬ್ಬದಂದು ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಚರ್ಚನ್ನು ತಲುಪುತ್ತದೆ. ಗಡಿಯ ಈಚೆಗೆ ಬರಲಾಗದ ಬಂಧುಗಳು ಆಚೆ ಓಡುತ್ತಾರೆ, ಆಚೆಗೆ ಮರಳಲಾಗದವರು ಈಚೆ ಓಡುತ್ತಾರೆ. ಎರಡೂ ಕಡೆ ಸಲ್ಲುವುದು ಪಂಜು ಒಂದೇ. ಜಾನಪದವೆಂಬುದು ನೆಲಕ್ಕೆ ಅಂಟಿಕೊಂಡ ವಸ್ತುವಲ್ಲ, ಜನರ ನಡುವಿನ ಸಂಬಂಧ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪಿನ್ಸೋನ್ ಅವರ ಮಾಲಿಕೆಯೂ ಈ ಸಂಬಂಧದ ಇನ್ನೊಂದು ದಾಖಲೆ. ರೆತಾಬ್ಲೊದ ವಿನ್ಯಾಸ, ಕುಸ್ತಿಯ ಮುಖವಾಡ, ಹರಕೆಯ ವೇಷ, ವೀರಗೀತೆಯ ನಾಮೋಲ್ಲೇಖ ಇವೆಲ್ಲ ಅಂಗಡಿಯಲ್ಲಿ ಸಿಗುವ ವೇಷದೊಳಗೆ ಸೇರಿಕೊಂಡು ಬಂದಿವೆ.

ಕೊನೆಯಲ್ಲಿ ಒಂದು ಆತ್ಮಾವಲೋಕನ. ಹಲವು ವರ್ಷಗಳ ಹಿಂದೆ ರಾಯಚೂರು ಭಾಗದ ಹಳ್ಳಿಯೊಂದರಲ್ಲಿ ಹಾಡುಗಳ ಸಂಗ್ರಹಕ್ಕೆ ಹೋಗಿದ್ದಾಗ, ನಾನು ಹುಡುಕುತ್ತಿದ್ದ ಹಾಡುಗಾರರ ಮನೆಗೆ ಬೀಗ ಹಾಕಿತ್ತು. ‘ವಕ್ತೃಗಳು ಲಭ್ಯರಿಲ್ಲ, ಗುಳೆ ಹೋಗಿದ್ದಾರೆ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಪುಟ ತಿರುವಿದೆ. ಅವರು ಎಲ್ಲಿಗೆ ಹೋದರು, ಯಾವ ಕಟ್ಟಡದ ಕೆಲಸಕ್ಕೆ ಹೋದರು, ಊರಿಗೆ ಎಷ್ಟು ಕಳುಹಿಸುತ್ತಾರೆ, ಅಲ್ಲಿಯೂ ಹಾಡುತ್ತಾರೆಯೇ ಎಂದು ಪಕ್ಕದ ಮನೆಯವರನ್ನು ಕೂಡ ಕೇಳಲಿಲ್ಲ. ಪಿನ್ಸೋನ್ ಅವರ ಅಡಿಬರಹದಲ್ಲಿರುವ ನಾಲ್ಕು ಸಂಗತಿಗಳಲ್ಲಿ ನನ್ನ ಟಿಪ್ಪಣಿಯಲ್ಲಿದ್ದದ್ದು ಹೆಸರು ಮತ್ತು ಊರು ಮಾತ್ರ. ಉಳಿದೆರಡನ್ನು ಕೇಳುವುದು ಜಾನಪದದ ಕೆಲಸವಲ್ಲವೆಂದು ನಾನು ಭಾವಿಸಿದ್ದೆ.

ಕೆಲಸ ಮತ್ತು ಕೂಲಿಗಳನ್ನು ಬಿಟ್ಟು ಬರೆದ ಜಾನಪದ ಅರ್ಧ ಜಾನಪದ. ವಲಸೆ ಹೋದವರ ಬೀಗ ಹಾಕಿದ ಮನೆಯ ಮುಂದೆ ನಮ್ಮ ಕ್ಷೇತ್ರಕಾರ್ಯ ಮುಗಿಯಬಾರದು. ಅಲ್ಲಿಂದ ಹೊರಟ ದಾರಿಯನ್ನೂ ಅದು ಹಿಡಿಯಬೇಕು. ಮೆಕ್ಸಿಕೊದ ಕಲಾವಿದೆಯೊಬ್ಬರ ಇಪ್ಪತ್ತು ಚಿತ್ರಗಳು ಕನ್ನಡದ ಸಂಶೋಧಕರಿಗೆ ಕಲಿಸಬಹುದಾದ ಪಾಠವೇನಾದರೂ ಇದ್ದರೆ ಅದು ಇಷ್ಟೇ.